ಅಮ್ಮನ ಗಾಲಿಕುರ್ಚಿಯೊಂದಿಗೆ ಎಂಟು ದಿನ: ದೆಹಲಿ, ಆಗ್ರಾ, ಕಾಶಿ

ಬೆಣ್ಣೆನಗರಿಯ ಮಗಳು:
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಅಮ್ಮನಿಗೆ 69 ವರ್ಷ. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಗಿ ಎಡಗೈ, ಎಡಗಾಲಿನ ಶಕ್ತಿ ಹೋಯಿತು. ಹಿಡಿದುಕೊಂಡರೆ ನಿಲ್ಲುತ್ತಾರೆ, ಎರಡು ಮೂರು ಹೆಜ್ಜೆ ಇಡುತ್ತಾರೆ. ಉಳಿದಂತೆ ಗಾಲಿಕುರ್ಚಿಯೇ ಗತಿ. ಫೆಬ್ರುವರಿಯಲ್ಲಿ, ಶಿವರಾತ್ರಿ ಕಳೆದ ಮೇಲೆ, ನಮಗೆ ಎಂಟು ದಿನ ಬಿಡುವು ಸಿಗುತ್ತದೆ. ನಾನು, ಯಜಮಾನರು, ಹನ್ನೊಂದು ವರ್ಷದ ಮಗ ಮತ್ತು ಅಮ್ಮ. ದೆಹಲಿ, ಆಗ್ರಾ, ಜೈಪುರ, ಅಮೃತಸರ, ಕಾಶಿ ಎಂದು ಪಟ್ಟಿ ಮಾಡಿದ್ದೇವೆ. ಪ್ರವಾಸ ಏರ್ಪಡಿಸುವವರನ್ನು ಕೇಳಿದರೆ, "ಎಲ್ಲ ಕಡೆ ವೀಲ್‌ಚೇರ್ ಸಿಗುತ್ತದೆ ಮೇಡಂ, ಚಿಂತೆ ಬೇಡ" ಎನ್ನುತ್ತಾರೆ. ಕುರ್ಚಿ ನಮ್ಮ ಬಳಿಯೇ ಇದೆ. ಅದು ಎಲ್ಲೆಲ್ಲಿ ಉರುಳುತ್ತದೆ ಎಂಬುದು ನನ್ನ ಪ್ರಶ್ನೆ. ಅಮ್ಮ ಮಾತ್ರ, "ನನ್ನನ್ನು ತಮ್ಮನ ಮನೆಯಲ್ಲಿ ಬಿಟ್ಟು ನೀವು ನೋಡಿಕೊಂಡು ಬನ್ನಿ" ಎಂದು ಹಟ ಹಿಡಿದಿದ್ದಾರೆ. ಹೋಗಿಬಂದವರು ದಯವಿಟ್ಟು ದಾರಿ ಹೇಳಿ.

ಯಮುನೆಯ ಈಚೆ ದಡ:
ನಾನು ಹತ್ತೊಂಬತ್ತು ವರ್ಷದಿಂದ ದೆಹಲಿಯಲ್ಲಿದ್ದೇನೆ. ಊರಿನಿಂದ ಬರುವ ನೆಂಟರನ್ನು ಸುತ್ತಿಸಿ ಸುತ್ತಿಸಿ ಈ ದಾರಿಗಳೆಲ್ಲ ಬಾಯಿಪಾಠವಾಗಿವೆ. ಎಂಟು ದಿನಕ್ಕೆ ಐದು ಊರು ಬೇಡ. ಜೈಪುರ, ಅಮೃತಸರ ಎರಡನ್ನೂ ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ. ಅಮೃತಸರ ದೆಹಲಿಯಿಂದ ಸುಮಾರು 450 ಕಿಲೋಮೀಟರ್ ಉತ್ತರಕ್ಕಿದೆ, ಕಾಶಿ 800 ಕಿಲೋಮೀಟರ್‌ನಷ್ಟು ಪೂರ್ವಕ್ಕಿದೆ. ಆರೋಗ್ಯವಾಗಿ ಓಡಾಡುವವರೇ ಇದರಲ್ಲಿ ಸುಸ್ತಾಗುತ್ತಾರೆ.

ರಜೆಯ ದಿನಗಳನ್ನು ಮೊದಲೇ ನೋಡಿಕೊಳ್ಳಿ. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ. ದೆಹಲಿಯಲ್ಲಿ ಕೆಂಪುಕೋಟೆ, ಅಕ್ಷರಧಾಮ, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಇಲ್ಲಿನ ಬಾಡಿಗೆ ಕಾರುಗಳಲ್ಲಿ ಬಹುಪಾಲು ಸಿಎನ್‌ಜಿ ಗಾಡಿಗಳು. ಹಿಂದಿನ ಡಿಕ್ಕಿಯ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅನಿಲದ ಸಿಲಿಂಡರ್ ತುಂಬಿರುತ್ತದೆ. ಮಡಚಿದ ಗಾಲಿಕುರ್ಚಿ ಅಲ್ಲಿ ಹಿಡಿಯುವುದಿಲ್ಲ. ನಮ್ಮ ದೊಡ್ಡಪ್ಪ ಬಂದಾಗ ವಿಮಾನ ನಿಲ್ದಾಣದ ಹೊರಗೆ ಮೂರು ಕಾರುಗಳನ್ನು ವಾಪಸ್ ಕಳುಹಿಸಿದೆವು. ಕುರ್ಚಿಯನ್ನು ಮಡಚಿ ಉದ್ದ, ಅಗಲ, ಎತ್ತರ ಅಳೆದಿಟ್ಟುಕೊಳ್ಳಿ. ಮೇಲೆ ಕ್ಯಾರಿಯರ್ ಇರುವ ಕಾರನ್ನು, ಇಲ್ಲವೇ ಡೀಸೆಲ್ ಗಾಡಿಯನ್ನು ಮೊದಲೇ ಗೊತ್ತುಮಾಡಿ.

ಚಾಮುಂಡಿ ತಪ್ಪಲು:
ನಾನು ಮೈಸೂರಿನವನು. ಬೆನ್ನುಹುರಿಗೆ ಪೆಟ್ಟಾಗಿ ಹದಿನಾಲ್ಕು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಆದರೆ ನೀವು ಆರಂಭಿಸಬೇಕಾದದ್ದು ನೋಡುವ ಜಾಗಗಳಿಂದಲ್ಲ, ಬಚ್ಚಲುಮನೆಯಿಂದ.

ಹೋಟೆಲಿನವರು ಫೋನಿನಲ್ಲಿ "ವೀಲ್‌ಚೇರ್ ವ್ಯವಸ್ಥೆ ಇದೆ" ಎಂದರೆ ಹೊರಗಿನ ಬಾಗಿಲಿಗೆ ಇಳಿಜಾರು ಇದೆ ಎಂದಷ್ಟೇ ಅರ್ಥ. ಒಮ್ಮೆ ಹಾಗೆ ನಂಬಿ ಹೋಗಿ, ರಾತ್ರಿ ಹನ್ನೊಂದಕ್ಕೆ ಕೋಣೆ ತೆರೆದರೆ ಬಚ್ಚಲ ಬಾಗಿಲು ನನ್ನ ಕುರ್ಚಿಗಿಂತ ಎರಡು ಇಂಚು ಕಿರಿದು. ಹೊಸ್ತಿಲು ಬೇರೆ ನಾಲ್ಕು ಇಂಚು. ಎರಡು ರಾತ್ರಿ ನೆಲದ ಮೇಲೆ ತೆವಳಿಕೊಂಡು ಹೋದೆ. ಅಲ್ಲಿಂದೀಚೆಗೆ ನನ್ನ ಪದ್ಧತಿ ಒಂದೇ: ಬಚ್ಚಲ ಬಾಗಿಲಿಗೆ ಅಳತೆಯ ಟೇಪು ಹಿಡಿದು ತೆಗೆದ ಫೋಟೊ ಕೇಳುತ್ತೇನೆ. ಕಮೋಡಿನ ಪಕ್ಕದ ಗೋಡೆಯದೊಂದು, ಹೊಸ್ತಿಲಿನದೊಂದು. ಕಳುಹಿಸಿದವರಿಗೆ ಮಾತ್ರ ಮುಂಗಡ ಕೊಡುತ್ತೇನೆ. ಸಾಮಾನ್ಯ ಮಡಚುವ ಕುರ್ಚಿ ಗಾಲಿಗಳೂ ಸೇರಿ 25, 26 ಇಂಚು ಅಗಲ ಇರುತ್ತದೆ. ನಮ್ಮ ದೇಶದ ಎಷ್ಟೋ ಹೋಟೆಲುಗಳ ಬಚ್ಚಲ ಬಾಗಿಲು 24 ಇಂಚು. ಕುರ್ಚಿಯ ಪ್ರವಾಸ ಕೆಡುವುದು ಈ ಎರಡು ಇಂಚಿನಲ್ಲಿ.

ಇನ್ನು ನಿಮ್ಮ ತಾಯಿ "ಬೇಡ" ಎಂದದ್ದು. ಅಕ್ಕ, ಆ ಮಾತನ್ನು ನಾನೂ ಆರು ವರ್ಷ ಆಡಿದ್ದೇನೆ. ಮದುವೆಗೆ ಬೇಡ, ಜಾತ್ರೆಗೆ ಬೇಡ, ತಂಗಿಯ ಗೃಹಪ್ರವೇಶಕ್ಕೂ ಬೇಡ. ಹೋಗುವ ಆಸೆ ಇಲ್ಲ ಎಂದಲ್ಲ. ಅಲ್ಲಿ ಹೋದ ಮೇಲೆ ಮೂತ್ರಕ್ಕೆ ಎಲ್ಲಿ ಹೋಗಲಿ ಎಂಬ ಭಯ. ಊರು ಯಾವುದು ಬೇಕು ಎಂದು ಕೇಳಬೇಡಿ, ಯಾವುದಕ್ಕೆ ಹೆದರಿಕೆ ಎಂದು ಕೇಳಿ ನೋಡಿ.

ಶರಾವತಿ ಕಣಿವೆ:
ಮೇಲಿನವರ ಮಾತನ್ನು ಗೌರವಿಸುತ್ತಲೇ ನನ್ನ ಅನುಭವ ಹೇಳುತ್ತೇನೆ. ನಮ್ಮ ತಂದೆಯವರನ್ನು ಬಲವಂತದಿಂದ ಉತ್ತರ ಭಾರತಕ್ಕೆ ಕರೆದುಕೊಂಡು ಹೋಗಿದ್ದೆವು. ನಾಲ್ಕನೆಯ ದಿನವೇ ಬೆನ್ನ ಕೆಳಗೆ ಚರ್ಮ ಕೆಂಪಾಯಿತು, ಊರಿಗೆ ಬರುವಷ್ಟರಲ್ಲಿ ಹುಣ್ಣು. ವಾಸಿಯಾಗಲು ಎರಡು ತಿಂಗಳು ಬೇಕಾಯಿತು. ಮರುವರ್ಷ ಅವರು ತಂಗಿಯ ಮನೆಯಲ್ಲಿ ನೆಮ್ಮದಿಯಾಗಿದ್ದರು, ನಾವು ಹೋಗಿಬಂದೆವು. ಹಿರಿಯರು ಬೇಡ ಎಂದರೆ ಕೆಲವೊಮ್ಮೆ ಅದು ನಿಜವಾಗಿಯೂ ಬೇಡವೇ.

ಚಾಮುಂಡಿ ತಪ್ಪಲು:
ನಿಮ್ಮ ತಂದೆಯವರಿಗೆ ಆದ ನೋವು ನನಗೆ ಗೊತ್ತು, ನನಗೂ ಆ ಹುಣ್ಣು ಆಗಿದೆ. ಆದರೆ ಅದು ಪ್ರವಾಸದಿಂದ ಆದದ್ದಲ್ಲ, ಹೊತ್ತಿಗೊಮ್ಮೆ ಮೈ ಕದಲಿಸದೆ ಕೂತದ್ದರಿಂದ ಆದದ್ದು. ಅವರು ಬೇಡ ಎಂದರೆ ಬೇಡ, ಒಪ್ಪುತ್ತೇನೆ. ಭಯ ಕಳೆದ ಮೇಲೂ ಬೇಡ ಎಂದರೆ ಮಾತ್ರ ಅದು ಅವರ ತೀರ್ಮಾನ.

ಫಿಸಿಯೋ ಹುಬ್ಬಳ್ಳಿ:
ನಾನು ಫಿಸಿಯೋಥೆರಪಿಸ್ಟ್. ಹುಣ್ಣಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಕುರ್ಚಿಯಲ್ಲಾಗಲಿ ಕಾರಿನಲ್ಲಾಗಲಿ ಅರ್ಧ ಗಂಟೆಗೊಮ್ಮೆ ಅಮ್ಮನವರು ಬಲಗೈ ಊರಿ ಒಂದು ಪಕ್ಕಕ್ಕೆ ವಾಲಿ, ಮತ್ತೆ ಇನ್ನೊಂದು ಪಕ್ಕಕ್ಕೆ ವಾಲಿ, ಕೂತ ಜಾಗದ ಭಾರ ಇಳಿಸಬೇಕು. ಆಗದಿದ್ದರೆ ನೀವು ನಿಲ್ಲಿಸಿ ಕೂರಿಸಿ. ಮಗನ ಕೈಗೆ ಗಡಿಯಾರ ಕಟ್ಟಿ ಆ ಕೆಲಸ ಒಪ್ಪಿಸಿ, ಮಕ್ಕಳು ಮರೆಯುವುದಿಲ್ಲ. ಕುರ್ಚಿಯ ಮೆತ್ತೆಯನ್ನು ವಿಮಾನದ ಸಾಮಾನಿಗೆ ಹಾಕಬೇಡಿ, ಸೀಟಿನ ಮೇಲೆ ಹಾಕಿಕೊಂಡು ಕೂರಲಿ.

ಎಡಭಾಗಕ್ಕೆ ಬಲವಿಲ್ಲದವರನ್ನು ಯಾವಾಗಲೂ ಬಲಗಡೆಗೆ ದಾಟಿಸುವುದು ಸುಲಭ. ಕಾರಿನ ಮುಂದಿನ ಎಡಬಾಗಿಲು ಪೂರ್ತಿ ತೆರೆದು, ಕುರ್ಚಿಯನ್ನು ಕಾರಿನ ಮುಖ ಇರುವ ದಿಕ್ಕಿಗೇ ಪಕ್ಕದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ. ಸೀಟು ಅವರ ಬಲಕ್ಕೆ ಬರುತ್ತದೆ. ಇಳಿಯುವಾಗ ದುರ್ಬಲ ಬದಿಗೆ ಬರಬೇಕಾಗುವುದರಿಂದ ಆಗ ಇಬ್ಬರು ಇರಿ. ಸೀಟು ಎತ್ತರವಿರುವ ದೊಡ್ಡ ಗಾಡಿ ಬೇಡ. ಕುರ್ಚಿಯ ಮಟ್ಟಕ್ಕೆ ಸರಿಯಾಗಿ ಸೀಟು ಇರುವ ಗಾಡಿಯೇ ಒಳ್ಳೆಯದು. ಹೋಟೆಲಿನ ಮಂಚದ ಎತ್ತರವನ್ನೂ ಕೇಳಿ, ಇಪ್ಪತ್ತು ಇಂಚಿನ ಆಸುಪಾಸಿನಲ್ಲಿದ್ದರೆ ಸರಿ.

ಬೆಣ್ಣೆನಗರಿಯ ಮಗಳು:
ನಿನ್ನೆ ರಾತ್ರಿ ಅಮ್ಮನಿಗೆ ಕಾಲು ಒತ್ತುತ್ತಾ ಕೇಳಿದೆ. ಮೊದಲು, "ಏನೂ ಹೆದರಿಕೆ ಇಲ್ಲ, ಸುಮ್ಮನಿರೇ" ಎಂದರು. ನಾನೂ ಸುಮ್ಮನೆ ಒತ್ತುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಾಯಿಬಿಟ್ಟರು. ಹೋದ ವರ್ಷ ನೆಂಟರ ಮದುವೆಯಲ್ಲಿ ಅಕ್ಷತೆ ಹಾಕಲು ನಾಲ್ಕು ಜನ ಗಂಡಸರು ಕುರ್ಚಿಸಮೇತ ಎತ್ತಿ ವೇದಿಕೆಗೆ ಹತ್ತಿಸಿದ್ದರು. ಸೆರಗು ಗಾಲಿಗೆ ಸಿಕ್ಕಿ ಜಾರಿತ್ತು, ಬಲಗೈಯಿಂದ ಕುರ್ಚಿ ಹಿಡಿದುಕೊಳ್ಳಲೋ ಸೆರಗು ಹಿಡಿದುಕೊಳ್ಳಲೋ ಎಂದು ಗೊತ್ತಾಗಲಿಲ್ಲವಂತೆ. "ಆವತ್ತು ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಎತ್ತಿದರು ಕಣೇ, ಆದರೆ ಯಾರೂ ನನ್ನನ್ನು ಕೇಳಲಿಲ್ಲ" ಎಂದರು. ನಾನು ಅದೇ ಮಂಟಪದಲ್ಲಿ ಫೋಟೊ ತೆಗೆಯುತ್ತಿದ್ದೆ. ನನಗೆ ಕಾಣಲೇ ಇಲ್ಲ.

ಆಮೇಲೆ ಊರುಗಳ ಮಾತು ಬಂತು. ಕಾಶಿಯಲ್ಲಿ ಗಂಗೆ ಮುಟ್ಟಬೇಕು. ಮತ್ತೆ ತಾಜ್ ಮಹಲ್. ಅಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಮೂವತ್ತೊಂದು ವರ್ಷ ಮಕ್ಕಳಿಗೆ ಚಿತ್ರ ತೋರಿಸಿ ಷಹಜಹಾನನ ಪಾಠ ಮಾಡಿದ್ದಾರೆ, ಒಮ್ಮೆಯೂ ನೋಡಿಲ್ಲ. ಜೈಪುರ, ಅಮೃತಸರದ ಹೆಸರನ್ನೇ ಎತ್ತಲಿಲ್ಲ. ಇಷ್ಟು ದಿನ ನನ್ನ ಪಟ್ಟಿಯನ್ನು ಅವರ ಮೇಲೆ ಹೇರಲು ಹೊರಟಿದ್ದೆ.

ಹಾಗಾಗಿ ಮೂರೇ ಊರು. ಒಂದು ಷರತ್ತು ಅಮ್ಮನದು: ಯಾರೂ ಕುರ್ಚಿ ಎತ್ತಿ ಮೆಟ್ಟಿಲು ಹತ್ತಿಸಬಾರದು. ಕುರ್ಚಿ ಉರುಳುವ ತನಕ ಮಾತ್ರ ಹೋಗುವುದು, ಅಲ್ಲಿಗೆ ಸಾಕು.

ಚಾಮುಂಡಿ ತಪ್ಪಲು:
ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಷರತ್ತನ್ನು ಮುರಿಯಬೇಡಿ, ಯಾರು ಎಷ್ಟೇ ಪ್ರೀತಿಯಿಂದ ಬಂದರೂ.

ಆ ಷರತ್ತಿಗೆ ತಾಜ್ ಹೊಂದುತ್ತದೆ. ಸ್ಮಾರಕದ ಸುತ್ತ 500 ಮೀಟರ್ ಒಳಗೆ ಪೆಟ್ರೋಲ್, ಡೀಸೆಲ್ ವಾಹನ ಬಿಡುವುದಿಲ್ಲ. ಪೂರ್ವದ್ವಾರದ ಕಡೆ ಶಿಲ್ಪಗ್ರಾಮದಲ್ಲಿ ಕಾರು ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ಕುರ್ಚಿ ತಳ್ಳಿಕೊಂಡೇ ಹೋಗಬಹುದು. ನಾನು ಕುರ್ಚಿಯಲ್ಲೇ ಹೋದೆ. ತೋಟದ ಕಲ್ಲುಹಾದಿ, ನಡುವಿನ ಕೊಳದ ಸುತ್ತ ಎಲ್ಲ ಓಡಾಡಬಹುದು. ಗೋರಿ ಇರುವ ಅಮೃತಶಿಲೆಯ ಕಟ್ಟೆಗೆ ಮೆಟ್ಟಿಲುಗಳಿವೆ. ಅಲ್ಲಿಗೆ ಬೇರೆ 200 ರೂಪಾಯಿಯ ಟಿಕೆಟ್ಟೂ ಇದೆ, ಅಮ್ಮನವರಿಗೆ ಅದನ್ನು ಕೊಳ್ಳಬೇಡಿ. ಮಗ, ಅಪ್ಪ ಹತ್ತಿ ಬರಲಿ. ಸೂರ್ಯ ಹುಟ್ಟುವ ಹೊತ್ತಿಗೆ ಬಾಗಿಲು ತೆರೆಯುತ್ತಾರೆ, ಆಗಲೇ ಹೋಗಿ. ಹತ್ತು ಗಂಟೆಯ ಮೇಲೆ ಜನರ ಕಾಲುಗಳ ನಡುವೆ ಕುರ್ಚಿಯಲ್ಲಿ ಕೂತವರಿಗೆ ಬೆನ್ನುಗಳು ಬಿಟ್ಟರೆ ಏನೂ ಕಾಣುವುದಿಲ್ಲ.

ಆಗ್ರಾ ಕೋಟೆ ಬೇಡ. ಅಮರಸಿಂಗ್ ಬಾಗಿಲಿನಿಂದ ಒಳಗೆ ಹೋಗುವ ಏರು ಕಡಿದು, ಕಲ್ಲುಹಾಸು ಒರಟು. ಫತೇಪುರ್ ಸಿಕ್ರಿಯೂ ಬೇಡ. ಅದರ ಬದಲು ಸಂಜೆ ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ಗೆ ಹೋಗಿ. ತೋಟದಿಂದ ನದಿಯಾಚೆ ತಾಜ್ ಪೂರ್ತಿ ಕಾಣುತ್ತದೆ.

ಯಮುನೆಯ ಈಚೆ ದಡ:
ದೆಹಲಿಯಲ್ಲಿ ಕುತುಬ್ ಮಿನಾರ್ ಬಿಡಬೇಡಿ, ಅಲ್ಲಿ ಇಳಿಜಾರುಗಳಿವೆ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್‌ನಲ್ಲಿ ಅವರ ಕುರ್ಚಿಗೆಂದು ಮರದ ಇಳಿಜಾರು ಹಾಕಿದ್ದರು. ಅಂಗವಿಕಲರ ಹಕ್ಕುಗಳ ಹೋರಾಟಗಾರರು ಪಟ್ಟು ಹಿಡಿದದ್ದರಿಂದ ಅದು ಆಯಿತು. ಹುಮಾಯೂನ್ ಗೋರಿ ಚೆಂದ, ಆದರೆ ಮೇಲಿನ ಕಟ್ಟೆಗೆ ಕಡಿದಾದ ಮೆಟ್ಟಿಲು. ಸಂಜೆ ಕರ್ತವ್ಯ ಪಥದಲ್ಲಿ ಇಂಡಿಯಾ ಗೇಟ್ ತನಕ ಕುರ್ಚಿ ತಳ್ಳಿಕೊಂಡು ಹೋಗಿ. ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕವೂ ಸಮತಟ್ಟು.

ಮೆಟ್ರೊ ಹತ್ತಿಸಿ ನೋಡಿ, ಅಮ್ಮನವರಿಗೆ ಖುಷಿಯಾಗುತ್ತದೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಬೋಗಿಯಲ್ಲಿ ಗಾಲಿಕುರ್ಚಿಗೆ ಜಾಗ ಬಿಟ್ಟಿರುತ್ತಾರೆ. ಬೆಳಿಗ್ಗೆ ಸಂಜೆಯ ಕಚೇರಿ ಸಮಯದಲ್ಲಿ ಮಾತ್ರ ಬೇಡ. ಆಗ್ರಾಕ್ಕೆ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರೇ ವಾಸಿ, ಬೇಕೆಂದಾಗ ನಿಲ್ಲಿಸಬಹುದು.

ಕೃಷ್ಣೆಯ ಕೂಸು:
ಮಧ್ಯೆ ಒಂದು ಪ್ರಶ್ನೆ. ನನ್ನ ಅಣ್ಣನದು ಬ್ಯಾಟರಿ ಕುರ್ಚಿ. ವಿಮಾನದಲ್ಲಿ ಒಯ್ಯಲು ಬಿಡುತ್ತಾರೆಯೇ?

ಆಕಾಶಬುಟ್ಟಿ:
ಬಿಡುತ್ತಾರೆ. ಮಡಚುವ ಕುರ್ಚಿಯ ಲಿಥಿಯಂ ಬ್ಯಾಟರಿ ಬಿಚ್ಚುವಂಥದ್ದಾದರೆ ಬಿಚ್ಚಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಅದು 300 ವ್ಯಾಟ್ ಅವರ್ ಮೀರಬಾರದು. ಬ್ಯಾಟರಿಯ ಮೇಲಿನ ಚೀಟಿ ಅಳಿಸಿಹೋಗಿದ್ದರೆ ಜಗಳವಾಗುತ್ತದೆ, ತಯಾರಕರ ಕಾಗದ ಇಟ್ಟುಕೊಳ್ಳಿ.

ದಾವಣಗೆರೆಯ ಅಕ್ಕನವರಿಗೂ ವಿಮಾನದ ಬಗ್ಗೆ ಎರಡು ಮಾತು. ಟಿಕೆಟ್ ಮಾಡುವಾಗಲೇ ತಿಳಿಸಿ, ಹೊರಡುವ 48 ಗಂಟೆ ಮುಂಚೆ ಮತ್ತೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಬರೀ ವೀಲ್‌ಚೇರ್ ಬೇಕು ಎನ್ನಬೇಡಿ. ನಡೆಯುವುದು ಕಷ್ಟ, ಮೆಟ್ಟಿಲು ಆಗುವುದಿಲ್ಲ, ಸೀಟಿನ ತನಕ ಕುರ್ಚಿ ಬೇಕು ಎಂಬ ಮೂರಕ್ಕೂ ಬೇರೆ ಬೇರೆ ಸಂಕೇತಗಳಿವೆ. ನಿಮ್ಮದು ಮೂರನೆಯದು, ಡಬ್ಲ್ಯುಸಿಎಚ್‌ಸಿ. ಅದು ನಮೂದಾದರೆ ಸೀಟುಗಳ ನಡುವೆ ಹೋಗುವ ಕಿರಿದಾದ ಕುರ್ಚಿಯನ್ನೂ, ವಿಮಾನ ದೂರ ನಿಂತಿದ್ದರೆ ಕುರ್ಚಿಯನ್ನು ಬಾಗಿಲ ಮಟ್ಟಕ್ಕೆ ಏರಿಸುವ ಗಾಡಿಯನ್ನೂ ತರಬೇಕು. ಈ ಸೌಲಭ್ಯಗಳಿಗಾಗಿ ಜಾವೇದ್ ಅಬಿದಿ ಎಂಬ ಗಾಲಿಕುರ್ಚಿಯ ಹೋರಾಟಗಾರರು ಸುಪ್ರೀಂ ಕೋರ್ಟಿಗೆ ಹೋಗಿದ್ದರು, 1998ರಲ್ಲಿ ತೀರ್ಪು ಬಂತು. ಅವರು 2018ರಲ್ಲಿ ತೀರಿಕೊಂಡರು. ಆ ಕಿರಿದಾದ ಕುರ್ಚಿ ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಸ್ವಂತ ಕುರ್ಚಿಯನ್ನು ವಿಮಾನದ ಬಾಗಿಲ ತನಕ ಬಿಡಬೇಡಿ, ಇಳಿದಾಗಲೂ ಬಾಗಿಲಲ್ಲೇ ಕೇಳಿ. ಪಾದದ ಹಲಗೆಗಳನ್ನು ಬಿಚ್ಚಿ ಕೈಯಲ್ಲಿ ಒಯ್ಯಿರಿ. ನನ್ನ ಮಾವನ ಕುರ್ಚಿಯ ಒಂದು ಹಲಗೆ ಸಾಮಾನಿನ ನಡುವೆ ಮುರಿದುಹೋಗಿ, ಇಡೀ ಪ್ರವಾಸ ಅವರ ಕಾಲನ್ನು ಶಾಲಿನಿಂದ ಕಟ್ಟಿಕೊಂಡು ಸುತ್ತಿದೆವು.

ಗಂಗೆಯ ನಂಟು:
ಕಾಶಿಗೆ ನಾಲ್ಕು ಸಲ ಹೋಗಿದ್ದೇನೆ, ಎರಡು ಸಲ ಅತ್ತೆಯವರ ಕುರ್ಚಿಯೊಂದಿಗೆ. ಬೆಂಗಳೂರಿಗೆ ನೇರ ವಿಮಾನ ಇರುವುದರಿಂದ ಅಲ್ಲಿಂದಲೇ ಮರಳಿ, ದೆಹಲಿಗೆ ವಾಪಸ್ ಹೋಗಬೇಡಿ.

ಕಾಶಿಯ ಘಾಟ್ ಎಂದರೆ ಮೆಟ್ಟಿಲು. ಹನುಮಾನ್ ಘಾಟ್ ಪಕ್ಕದಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ನಮ್ಮವರದೆಂದು ಆಸೆಯಾಗುತ್ತದೆ, ಆದರೆ ಅಲ್ಲೂ ಮೆಟ್ಟಿಲೇ. ನಿಮಗೆ ಬೇಕಾದದ್ದು ಊರಿನ ಉತ್ತರದ ತುದಿಯ ನಮೋ ಘಾಟ್, ರಾಜಘಾಟ್ ಸೇತುವೆಯ ಹತ್ತಿರ. ಹೊಸದಾಗಿ ಕಟ್ಟಿದ್ದು. ಜೋಡಿಸಿದ ಕೈಗಳ ದೊಡ್ಡ ಶಿಲ್ಪಗಳಿವೆ. ನದಿಯ ಕಡೆಗೆ ಇಳಿಯಲು ಇಳಿಜಾರಿದೆ. ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ, ನೀವು ಕೆಳಗಿನ ಬದಿಯಲ್ಲಿರಿ. ಮುಂದಾಗಿ ಇಳಿಸಿದರೆ ಅವರು ಜಾರುತ್ತಾರೆ.

ವಿಶ್ವನಾಥನ ದರ್ಶನ ಮೊದಲಿನ ಹಾಗಲ್ಲ. 2021ರ ಡಿಸೆಂಬರ್ 13ರಂದು ಹೊಸ ಆವರಣ ತೆರೆದ ಮೇಲೆ ಇಕ್ಕಟ್ಟಿನ ಗಲ್ಲಿಗಳ ಪಾಡು ಬಹಳ ತಪ್ಪಿದೆ. ಗೋದೌಲಿಯಾ ಕಡೆ ವಾಹನಗಳನ್ನು ತಡೆಯುತ್ತಾರೆ, ಬಾಗಿಲಲ್ಲಿರುವ ಸಿಬ್ಬಂದಿಗೆ ಕುರ್ಚಿ ತೋರಿಸಿ ದಾರಿ ಕೇಳಿ. ಮೊಬೈಲ್ ಒಳಗೆ ಬಿಡುವುದಿಲ್ಲ, ಆದ್ದರಿಂದ ಎಲ್ಲಿ ಸೇರುವುದೆಂದು ಮೊದಲೇ ಮಾತಾಡಿಕೊಳ್ಳಿ. ಮುಂಜಾನೆ ಹೋಗಿ. ಸೋಮವಾರ ಬೇಡ.

ಸಾರನಾಥವನ್ನು ಬಿಡಬೇಡಿ, ಹತ್ತು ಕಿಲೋಮೀಟರ್ ಅಷ್ಟೇ. ಧಮೇಕ್ ಸ್ತೂಪದ ಸುತ್ತಲಿನ ತೋಟ ಸಮತಟ್ಟಾಗಿದೆ, ಗದ್ದಲವಿಲ್ಲ. ಶಿಕ್ಷಕಿಯಾಗಿದ್ದವರಿಗೆ ವಸ್ತುಸಂಗ್ರಹಾಲಯದಲ್ಲಿ ಅಶೋಕನ ಸಿಂಹಗಳು ಇವೆ, ನಮ್ಮ ನೋಟಿನ ಮೇಲಿರುವ ಅದೇ ಸಿಂಹಗಳು. ಶುಕ್ರವಾರ ರಜೆ.

ಬೆಣ್ಣೆನಗರಿಯ ಮಗಳು:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಸಿಂಹಗಳ ಮಾತು ಬಂದಾಗ ಎದ್ದು ಕೂತರು. ಈಗ ಹೀಗೆ ನಿಶ್ಚಯವಾಗಿದೆ. ಸೋಮವಾರ ಮಧ್ಯಾಹ್ನ ಬೆಂಗಳೂರಿನಿಂದ ದೆಹಲಿ. ಮಂಗಳವಾರ ಬೆಳಿಗ್ಗೆ ಕುತುಬ್, ಮಧ್ಯಾಹ್ನ ಮಲಗುವುದು, ಸಂಜೆ ಕರ್ತವ್ಯ ಪಥ. ಬುಧವಾರ ಕಾರಿನಲ್ಲಿ ಆಗ್ರಾ, ಸಂಜೆ ಮೆಹ್ತಾಬ್ ಬಾಗ್. ಗುರುವಾರ ಬೆಳಿಗ್ಗೆ ತಾಜ್, ಊಟವಾದ ಮೇಲೆ ದೆಹಲಿಗೆ ಮರಳಿ ವಿಮಾನ ನಿಲ್ದಾಣದ ಹತ್ತಿರ ತಂಗುವುದು. ಶುಕ್ರವಾರ ವಿಮಾನದಲ್ಲಿ ಕಾಶಿ. ಶನಿವಾರ ವಿಶ್ವನಾಥ ಮತ್ತು ಗಂಗೆ, ಭಾನುವಾರ ಸಾರನಾಥ, ಸೋಮವಾರ ಊರು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು.

ಹನ್ನೆರಡು ಹೋಟೆಲುಗಳಿಗೆ ಬಚ್ಚಲ ಫೋಟೊ ಕೇಳಿದೆ. ಐವರು ಮಾತ್ರ ಟೇಪು ಹಿಡಿದು ಕಳುಹಿಸಿದರು. ಮೂರು ಆರಿಸಿದೆ. ಆಗ್ರಾದ್ದರಲ್ಲಿ ಎರಡೂವರೆ ಇಂಚಿನ ಹೊಸ್ತಿಲಿದೆ, ಏನು ಮಾಡಲಿ?

ಚಾಮುಂಡಿ ತಪ್ಪಲು:
ಮೂರಡಿಯ ಮಡಚುವ ಅಲ್ಯೂಮಿನಿಯಂ ಇಳಿಜಾರು ಹಲಗೆ ಕೊಂಡುಕೊಳ್ಳಿ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಎಂಬುದು ಲೆಕ್ಕ, ಎರಡೂವರೆ ಇಂಚಿಗೆ ಧಾರಾಳ. ಹೊರಡುವ ಮುಂಚೆ ಒಂದು ದಿನ ಚಿತ್ರದುರ್ಗಕ್ಕೋ ಹರಿಹರಕ್ಕೋ ಹೋಗಿ, ಇಡೀ ದಿನ ಹೊರಗಿದ್ದು ಬನ್ನಿ. ಏನೇನು ಮರೆತಿದ್ದೀರಿ ಎಂದು ಅಲ್ಲೇ ಗೊತ್ತಾಗುತ್ತದೆ.

ಬೆಣ್ಣೆನಗರಿಯ ಮಗಳು:
ಹೋಗಿಬಂದೆವು. ಬಂದು ಐದು ದಿನವಾಯಿತು, ದಣಿವು ಆರಿದ ಮೇಲೆ ಬರೆಯೋಣ ಎಂದು ಕಾದೆ.

ಹರಿಹರಕ್ಕೆ ಹೋದ ದಿನ ಗೊತ್ತಾದದ್ದು: ಕುರ್ಚಿಯ ಬಲಗಾಲಿಯ ಬ್ರೇಕು ಸಡಿಲವಾಗಿತ್ತು. ಅದೊಂದಕ್ಕೇ ಆ ದಿನ ಸಾರ್ಥಕ.

ದೆಹಲಿಯಲ್ಲಿ ಇಳಿದಾಗ ಬಾಗಿಲಲ್ಲಿ ನಮ್ಮ ಕುರ್ಚಿಗಾಗಿ ನಲವತ್ತು ನಿಮಿಷ ಕಾದೆವು. ಸಾಮಾನಿನ ಜೊತೆ ಕೆಳಗೆ ಹೋಗಿಬಿಟ್ಟಿತ್ತು. ಹಲಗೆ, ಮೆತ್ತೆ ನಮ್ಮ ಕೈಯಲ್ಲಿದ್ದದ್ದರಿಂದ ಏನೂ ಕಳೆಯಲಿಲ್ಲ. ಕುತುಬ್‌ನಲ್ಲಿ ಸಣ್ಣ ಮುಂಗಾಲಿಗಳು ಕಲ್ಲುಸಂದಿಗೆ ಸಿಕ್ಕಿದಾಗ ನನ್ನ ಮಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ದೊಡ್ಡ ಗಾಲಿಗಳ ಮೇಲೆ ದಾಟಿಸುವುದನ್ನು ಕಲಿತ. ಅರ್ಧ ಗಂಟೆಗೊಮ್ಮೆ "ಅಜ್ಜೀ, ವಾಲು" ಎನ್ನುತ್ತಿದ್ದ. ಚರ್ಮ ಎಲ್ಲೂ ಕೆಂಪಾಗಲಿಲ್ಲ.

ತಾಜ್ ಒಳಗೆ ಅಮ್ಮ ಕೊಳದ ಪಕ್ಕ ಕುರ್ಚಿ ನಿಲ್ಲಿಸಲು ಹೇಳಿದರು. ಅಪ್ಪ ಮಗ ಮೇಲೆ ಹತ್ತಿ ಹೋದರು. ಅಮ್ಮ ಬಹಳ ಹೊತ್ತು ನೋಡಿ, "ಪುಸ್ತಕದ ಚಿತ್ರದಲ್ಲಿ ಈ ಹಳದಿ ಬಣ್ಣ ಇರಲಿಲ್ಲ, ಮಕ್ಕಳಿಗೆ ಬರೀ ಬಿಳಿ ಎಂದು ಹೇಳಿಕೊಟ್ಟೆ" ಎಂದರು. ಆಗ ಬಿಸಿಲು ಆಗತಾನೇ ಬೀಳುತ್ತಿತ್ತು. ಯಾರೋ ಇಬ್ಬರು ಹುಡುಗರು ಬಂದು ಮೇಲೆ ಎತ್ತಿಕೊಂಡು ಹೋಗುತ್ತೇವೆ ಎಂದು ಮುಂದಾದರು. ಅಮ್ಮ ಬಲಗೈ ಎತ್ತಿ, ತಮಗೆ ಬರುವ ಹಿಂದಿಯಲ್ಲಿ, "ಬೇಟಾ, ನಹೀ. ಯಹೀ ಅಚ್ಛಾ ಹೈ" ಎಂದರು. ಅವರು ನಮಸ್ಕಾರ ಮಾಡಿ ಹೋದರು.

ನಮೋ ಘಾಟ್‌ನಲ್ಲಿ ಹಿಂದುಮುಂದಾಗಿ ಇಳಿಸಿದೆವು. ಕೊನೆಯಲ್ಲಿ ನೀರಿಗೆ ಒಂದು ಮೊಳ ಉಳಿದಿತ್ತು, ಕೈ ಎಟುಕಲಿಲ್ಲ. ನಾನು ತಂಬಿಗೆಯಲ್ಲಿ ತರಲು ಹೊರಟೆ. "ಬೇಡ, ನಿಲ್ಲಿಸು" ಎಂದರು ಅಮ್ಮ. ಬ್ರೇಕು ಹಾಕಿ, ನಾವಿಬ್ಬರೂ ಎರಡು ಕಡೆ ಹಿಡಿದುಕೊಂಡೆವು. ಅವರೇ ಎದ್ದು ನಿಂತು ಎರಡು ಹೆಜ್ಜೆ ಇಟ್ಟು ಕೆಳಗೆ ಕೂತರು. ಬಲಗೈಯಿಂದ ಎಡಗೈಯನ್ನು ಎತ್ತಿಕೊಂಡು, ಎರಡನ್ನೂ ಒಟ್ಟಿಗೆ ನೀರಿನಲ್ಲಿ ಮುಳುಗಿಸಿದರು.

ಆಗ್ರಾದ ಹೊಸ್ತಿಲಿಗೆ ಕೊಂಡ ಇಳಿಜಾರು ಹಲಗೆ ನಮ್ಮ ಮನೆಯಲ್ಲೇ ಇದೆ. ದಾವಣಗೆರೆ ಸುತ್ತಮುತ್ತ ಯಾರಾದರೂ ಹಿರಿಯರನ್ನು ಕರೆದುಕೊಂಡು ಹೊರಟಿದ್ದರೆ ಇಲ್ಲಿ ಬರೆಯಿರಿ, ತಲುಪಿಸುತ್ತೇನೆ. ಮೇ ತಿಂಗಳಲ್ಲಿ ಮಾತ್ರ ನಮಗೆ ಬೇಕು. ಅಮ್ಮ ಅಮೃತಸರದ ಬಚ್ಚಲ ಫೋಟೊ ಕೇಳಲು ಹೇಳಿದ್ದಾರೆ.

ಶರಾವತಿ ಕಣಿವೆ:
ಹಲಗೆ ಮಾರ್ಚ್ ಕೊನೆಗೆ ನನಗೆ ಬೇಕು. ಅಪ್ಪನನ್ನು ಮತ್ತೊಮ್ಮೆ ಕೇಳಿದೆ. ಈ ಸಲ ನೀವು ಕೇಳಿದ ಹಾಗೆ ಕೇಳಿದೆ.